ಸಾಕು ಅನ್ನೋ ತಂತಿ

ಮುಳಗುಂದ ನಾಕಾದಾಗ ನನ್ನ ಶೆಡ್ಡು.
ಶಟರ್ ಅರ್ಧ ಎತ್ತಿದ್ದೆ, ಚಾ ಇನ್ನೂ ಬಂದಿದ್ದಿಲ್ಲ,
ಪ್ರೆಸ್ಸಿನ ಹುಯಿಲಗೋಳರ ಕಾರು ಬಂದು ನಿಂತಿತು
ಹಾಡಹಗಲ ದೀಪ ಹಚ್ಚಿಕೊಂಡು.
"ನೋಡು, ಹಿಂಗ ಉರೀತಾವು.
ರಾತ್ರಿ ಎದುರು ಬರಾವ್ರೆಲ್ಲ ಬೈತಾರ.
ತಿಂಗಳದಾಗ ಮೂರು ಬಲ್ಬು ಸುಟ್ಟೂವು,
ರೇಡಿಯೋ ಸತ್ತು ಎಂಟು ದಿನ ಆತು."

ಹಿಂದಿನ ಸೀಟಿನ ತುಂಬ ಲಗ್ನಪತ್ರದ ಕಟ್ಟು,
ಹಸಿ ಮಸಿಯ ವಾಸನಿ.
ಬಾನೆಟ್ ಎತ್ತಿದರ ಬ್ಯಾರೇನ ವಾಸನಿ,
ಕೆಟ್ಟ ತತ್ತಿಯದು, ಕುದಿಯೋ ಆ್ಯಸಿಡ್ಡಿಂದು.
ಬ್ಯಾಟರಿ ಪಕ್ಕಡಿ ಉಬ್ಬಿಸಿಕೊಂಡು ಕೂತಿತ್ತು
ಬೀಗರೂಟ ಮುಗಿಸಿದ ಸೋದರಮಾವನಂಗ.

ಸ್ಕ್ಯಾನರ್ ಚುಚ್ಚಿದೆ. ಪಿ ಸೊನ್ನೆ ಐದು ಆರು ಮೂರು.
ವೋಲ್ಟೇಜ್ ಹೆಚ್ಚು.
ಅಷ್ಟಽ. ಕೋಡು ಅಂದ್ರ ಜ್ವರ ಐತಿ ಅನ್ನೋ ಮಾತು,
ಯಾಕ ಬಂತು ಅನ್ನೋದು ಅದಕ್ಕೂ ಗೊತ್ತಿಲ್ಲ.

ಹುಬ್ಬಳ್ಳಿ ಶೋರೂಮಿನವರು
ಆಲ್ಟರ್ನೇಟರ್ ಹೋಗೇತಿ, ಹದಿನೆಂಟು ಸಾವಿರ ಅಂದಿದ್ರಂತ.
ಇಲ್ಲೇ ಸ್ಟೇಷನ್ ರೋಡಿನಾಂವ ಬ್ಯಾಟರಿ ಬದಲಿ ಮಾಡ್ಯಾನ.
ಈಗ ಕುದಿಯಾಕತ್ತಿದ್ದು ಆ ಹೊಸಾದಽ.

ಉಸ್ತಾದ್ ದಾವಲಸಾಬರು ಹೇಳತಿದ್ರು,
ಮೊದಲಽ ಬಿಚ್ಚಾಕ ಹೋಗಬ್ಯಾಡೋ, ಮಾತಾಡ್ಸು,
ಮೀಟರಿನ ಎರಡು ಕಡ್ಡಿ ಅಂದ್ರ ಎರಡು ಕಿವಿ.

ಗಾಡಿ ಚಾಲೂ ಮಾಡಿಸಿದೆ.
ಆಲ್ಟರ್ನೇಟರ್ ಮ್ಯಾಲೆ ಹದಿನೈದು ಪಾಯಿಂಟ್ ಒಂಬತ್ತು.
ಬ್ಯಾಟರಿ ಮ್ಯಾಲೂ ಅಷ್ಟಽ, ಕೂದಲೆಳಿ ಕಡಿಮಿ.
ಅರ್ತಿಂಗ್ ಸ್ವಚ್ಛ.
ಆಮ್ಯಾಲೆ ಆ ಸಣ್ಣ ತಂತಿ,
ಬ್ಯಾಟರಿಯ ಸುದ್ದಿ ಹೊತ್ತು ಆಲ್ಟರ್ನೇಟರಿಗೆ ಮುಟ್ಟಿಸೋದು:
ಅದರ ತುದಿಗೆ ಹದಿಮೂರು ಪಾಯಿಂಟ್ ಎರಡು.

ಎರಡೂಮುಕ್ಕಾಲು ವೋಲ್ಟು ಹಾದ್ಯಾಗ ಎಲ್ಲೋ ಬಿದ್ದೇತಿ.
ಆಲ್ಟರ್ನೇಟರಿಗೆ ಏನು ಗೊತ್ತು ಪಾಪ?
ಹಸಿವೆ ಅಂತ ಸುದ್ದಿ ಬಂತು, ಬಡಿಸಿತು.
ಇನ್ನೂ ಹಸಿವೆ ಅಂತ ಬಂತು, ಮತ್ತ ಬಡಿಸಿತು.
ಎಲಿ ಮ್ಯಾಲೆ ಎರಡೂ ಕೈ ಅಡ್ಡ ಹಿಡಿದು
ಸಾಕ್ರೀ ಸಾಕು ಅಂತ ಬ್ಯಾಟರಿ ಒದರತಿತ್ತು,
ಬೆರಳಿನ ಸಂದ್ಯಾಗ ಹೋಳಿಗಿ ಬೀಳತಿತ್ತು.

ತಂತಿ ಹಿಡಿದು ಬೆರಳು ಜಾರಿಸಿಕೋತ ಹೋದೆ.
ರೇಡಿಯೇಟರ್ ಹಿಂದ, ಕೆಸರು ಒಣಗಿದಲ್ಲಿ
ಒಂದು ಉಬ್ಬು. ಸೈಕಲ್ ಟ್ಯೂಬಿನ ರಬ್ಬರು,
ಮ್ಯಾಲೆ ಎಣ್ಣಿ ಕುಡಿದು ಕರ್ರಗಾದ ದಾರ.
ಬ್ಲೇಡ್ ಹಚ್ಚಾಕ ಹೋದ ಕೈ ನಿಂತಿತು.

ದಾರದ್ದು ಮಲ್ಲಿಗಿ ಗಂಟು.
ಬೆರಳಿಗೆ ಒಂದು ಸುತ್ತು, ಒಳಗಿಂದ ತಿರುವಿ ಜಗ್ಗೋದು.
ಬೆಟಗೇರಿ ಸಂತ್ಯಾಗ ಅವ್ವ ಮಾಲಿ ಕಟ್ಟತಿದ್ಲು ಹಂಗ.
ವಾಯರಿಗೆ ಹೂವಿನ ಗಂಟು ಹಾಕೋ ಹೂಗಾರ
ಗದಗಿನಾಗ ನನ್ನ ಬಿಟ್ಟರ ಮತ್ತೊಬ್ಬ ಇಲ್ಲ.

ಹನ್ನೊಂದು ವರ್ಷದ ಹಿಂದ. ಹದಿನೇಳರ ಹುಡುಗ.
ಕಾರು ಆಗ ಯಾರೋ ಹಲ್ಲಿನ ಡಾಕ್ಟರದು,
ಫಾಗ್ ಲ್ಯಾಂಪ್ ಹಾಕಸಾಕ ಬಂದಿತ್ತು.
ಕರೆಂಟ್ ಹೋಗಿತ್ತು, ಬೆಸಗಿ ಕಡ್ಡಿ ತಣ್ಣಗಿತ್ತು,
ಟೇಪು ಮುಗಿದಿತ್ತು, ಡಾಕ್ಟರಿಗೆ ಅವಸರ.
ನಮಾಜು ಮುಗಿಸಿ ಬಂದ ಉಸ್ತಾದ್ ಕೇಳಿದ್ರು,
ಬೆಸಗಿ ಹಾಕೀಯೇನ?
ಹೂಂ ಅಂದೆ.

ಆ ಹೂಂ ಈಗ ಹಸಿರು ಪುಡಿಯಾಗಿ ಅಂಗೈಯಾಗ ಉದುರಿತು.

ಕತ್ತರಿಸಿದೆ. ಹೊಸ ತಂತಿ, ಬೆಸಗಿ, ಸ್ಲೀವ್.
ಎರಡು ಸಲ ಬೆಸದೆ, ಯಾರೂ ಕೇಳದಿದ್ದರೂ.
ಮೀಟರ್ ಹದಿನಾಲ್ಕು ಪಾಯಿಂಟ್ ಎರಡಕ್ಕ ಇಳಿದು ನಿಂತಿತು,
ಹೆಡ್‌ಲೈಟು ಬೈಯೋದು ಬಿಟ್ಟು ಬರೇ ನೋಡತಿತ್ತು.

"ಏನಾಗಿತ್ತಪಾ?"
"ತಂತಿ ಹಸಿರಾಗಿತ್ರಿ."
ಸುಳ್ಳಲ್ಲ ಅದು.
"ಎಷ್ಟಾತು?"
"ನೂರಾ ಐವತ್ತು."
ಐನೂರರ ನೋಟು ಕಿಸೆದಾಗ ತುರುಕಿದ್ರು,
"ಹದಿನೆಂಟು ಸಾವಿರ ಉಳಿಸಿದಿ, ಇರ್ಲಿ."
ಅಡ್ಡ ಹಿಡಿಯಬೇಕಾದ ಕೈ ಅರ್ಧ ಎದ್ದಿತ್ತು,
ನಾಲಿಗಿತನಕ ಬಂದ ಸಾಕು
ಹಾದ್ಯಾಗ ಎಲ್ಲೋ ಬಿತ್ತು.

ಕಾರು ಹೋತು. ಚಾ ಬಂತು, ತಣ್ಣಗಾತು.
ಕತ್ತರಿಸಿದ ತುಂಡು ಇನ್ನೂ ಮುಷ್ಟ್ಯಾಗಿತ್ತು.
ರಬ್ಬರು ಸೀಳಿತ್ತು, ತಾಮ್ರ ಪುಡಿಪುಡಿ.
ಅವ್ವನ ಗಂಟು ಮಾತ್ರ
ಒಂದು ಎಳಿ ಸಡಲಿರಲಿಲ್ಲ.