ಮೇಲಿನಿಂದ ಹೊಡೆದ ಮೊಳೆ

ಎಲ್ಯಾಸ್ ಮುದುಕ ಸೌನಾದ ಬೆಂಚಿಗೆ ಮೊಳೆ ಹೊಡೆಯುತ್ತಿದ್ದದ್ದು
ಕೆಳಗಿನಿಂದ. ಅಂಗಾತ ಮಲಗಿ, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿ,
ಕಣ್ಣಿಗೆ ಉದುರುವ ಮರದ ಹೊಟ್ಟನ್ನು ಬೈಯುತ್ತ.
ನನಗಾಗ ಹದಿನೇಳು. ಅವಸರ.
ಮೇಲಿನಿಂದ ಹೊಡೆದೆ. ಒಂದೇ ಒಂದು.
ತಲೆ ಹಲಗೆಗೆ ಸಮನಾಗಿ ಕೂತಿತು,
ಬಲೆಗೆ ಬಿದ್ದ ಮೀನಿನ ಕಣ್ಣಿನ ಹಾಗೆ ಮಿನುಗುತ್ತ.

ನೋಡಿದ. ಏನೂ ಅನ್ನಲಿಲ್ಲ.
ಶನಿವಾರ ಬರ್ಚ್ ಸೌದೆ ಮೂರು ಸಲ ತುಂಬಿ ಒಲೆ ಕಾಯಿಸಿದ,
ಗೋಡೆಯ ಮುಳ್ಳು ತೊಂಬತ್ತು ಮುಟ್ಟಿದಾಗ
"ಬಾ, ಇಲ್ಲಿ ಕೂರು" ಎಂದು ಜಾಗ ತೋರಿಸಿದ.

ಸೌನಾದೊಳಗೆ ಯಾರೂ ಬಟ್ಟೆ ಉಡುವುದಿಲ್ಲ.
ನಾನು ಎದ್ದ ಸದ್ದು
ಕೆರೆಯಾಚೆ ನಾಯಿಯನ್ನು ಬೊಗಳಿಸಿತಂತೆ.

"ಹಲಗೆಯೂ ತೊಂಬತ್ತೇ, ಮೊಳೆಯೂ ತೊಂಬತ್ತೇ,
ನೀನು ಉಸಿರಾಡುವ ಗಾಳಿಯೂ ತೊಂಬತ್ತೇ," ಅಂದ,
ತಣ್ಣೀರಿನ ಬಕೆಟ್ಟು ನನ್ನತ್ತ ತಳ್ಳುತ್ತ.
"ಇದ್ದದ್ದು ಒಂದೇ. ದಾಟಿಸುವುದರಲ್ಲಿ ಬೇರೆ.
ಆಸ್ಪೆನ್ ಮರ ಗುಟ್ಟಿನ ಹೆಂಗಸು,
ಒಂದು ಮಾತಿಗೆ ಇನ್ನೊಂದು ಚಳಿಗಾಲ ಕಾಯಿಸುತ್ತಾಳೆ.
ಕಬ್ಬಿಣದ ಬಾಯಲ್ಲಿ ಎಳ್ಳುಕಾಳೂ ನೆನೆಯದು,
ಹಿಂದಿನವರು ಕೊಟ್ಟದ್ದನ್ನೆಲ್ಲ
ಮುಂದೆ ಸಿಕ್ಕಿದವರಿಗೆ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತದೆ.
ತಾಮ್ರದ ಕತೆ ಕೇಳಲೇ ಬೇಡ, ಕಬ್ಬಿಣಕ್ಕಿಂತ ಐದು ಪಟ್ಟು.
ಅದಕ್ಕೇ ನೋಡು, ಸೌಟಿನ ಬಟ್ಟಲು ಮಾತ್ರ ತಾಮ್ರ,
ಹಿಡಿ ಬರ್ಚ್."

ಆ ಸೌಟಿನಿಂದಲೇ ಕಲ್ಲಿಗೆ ನೀರು ಎರಚಿದ.
ಉಗಿ ಎದ್ದು ಬೆನ್ನ ಮೇಲೆ ಕೈಯಿಟ್ಟಿತು.
ಒಲೆಗೆ ಹೊದಿಸಿದ್ದು ಬಳಪದ ಕಲ್ಲು.
ಅದರ ವಿಷಯ ಅವನು ಹೇಳಲಿಲ್ಲ, ನಾನೇ ಕಂಡುಕೊಂಡೆ:
ಸಂಜೆ ಕೇಳಿಸಿಕೊಂಡದ್ದನ್ನು
ಬೆಳಗಿನ ಜಾವದ ತನಕ ಮೆಲ್ಲಗೆ ಹೇಳುತ್ತಿರುತ್ತದೆ.

ಜನವರಿಯಲ್ಲಿ, ಮೈನಸ್ ಮೂವತ್ತೆರಡರಲ್ಲಿ,
ಕೈಗವಸು ಮರೆತು ಪಂಪಿನ ಹಿಡಿ ಮುಟ್ಟಿದೆ.
ಅಂಗೈಯ ತೊಗಲು ಅಲ್ಲೇ ಅಂಟಿಕೊಂಡಿತು.
"ಕಬ್ಬಿಣ ಕೊರೆಯುತ್ತಿದೆ" ಎಂದು ಅತ್ತೆ.
"ಬೇಲಿಯೂ ಅಷ್ಟೇ ಕೊರೆಯುತ್ತಿದೆ, ಮುಟ್ಟಿ ನೋಡು.
ಪಂಪು ನಿನ್ನನ್ನು ತಣ್ಣಗೆ ಮಾಡಲಿಲ್ಲ,
ನಿನ್ನ ಬಿಸಿಯನ್ನು ಹೊತ್ತುಕೊಂಡು ಓಡಿತು.
ಯಾರ ಮನೆಗೆ ಅಂತ ಕೇಳಬೇಡ."
ಸ್ನೋ ಕೂಡ ಕಂಬಳಿ ಎಂದ ಇನ್ನೊಮ್ಮೆ,
ಒಳಗೆ ಗಾಳಿ ಸಿಕ್ಕಿಕೊಂಡಿರುವಷ್ಟು ದಿನ.

ಅವನ ಹೆಂಡತಿ ಹಿಲ್ಕಾ ಪ್ರತಿ ಶನಿವಾರ
ಬೆರಳಿನ ಉಂಗುರ ಬಿಚ್ಚಿ
ಹೊರಕೋಣೆಯ ಮರದ ಗೂಟಕ್ಕೆ ಸಿಕ್ಕಿಸಿ ಒಳಗೆ ಬರುತ್ತಿದ್ದಳು.
ಚಿನ್ನ ತಾಮ್ರದ ಚಿಕ್ಕತಂಗಿ,
ಬೆರಳು ಸುಡಲು ಅದಕ್ಕೆ ಎರಡು ನಿಮಿಷ ಸಾಕು.

ಎಲ್ಯಾಸ್ ಹೋದ ಮೂರನೇ ಚಳಿಗಾಲ
ಅವಳ ಸೌನಾದ ಸೂರು ರಿಪೇರಿಗೆ ಕೂಹ್ಮೊಗೆ ಹೋದೆ.
ಕೆಲಸ ಮುಗಿದ ಮೇಲೆ ಒಲೆ ಹೊತ್ತಿಸಿದಳು,
ಟವಲು ಸುತ್ತಿಕೊಂಡು ಬಂದು ಎದುರಿಗೆ ಕೂತಳು.
ಗೂಟ ಖಾಲಿಯಿತ್ತು.
"ಗೆಣ್ಣು ಊದಿದೆ, ಬಿಚ್ಚಲು ಬರುವುದಿಲ್ಲ" ಎಂದಳು,
ನಾನು ಕೇಳದೆಯೇ.
ಉಂಗುರದ ಸುತ್ತ ಬೂದು ಉಣ್ಣೆಯ ನೂಲು,
ಒತ್ತೊತ್ತಾಗಿ, ಚಿನ್ನ ಚೂರೂ ಕಾಣದ ಹಾಗೆ.
ಯಾವುದೋ ಹಳೇ ಕಾಲುಚೀಲ ಬಿಚ್ಚಿದ್ದು.
ಯಾರದೆಂದು ನಾನೂ ಕೇಳಲಿಲ್ಲ.

"ಅಷ್ಟು ದೂರ ಯಾಕೆ ಮುದುರಿ ಕೂತೆ?
ಈಚೆ ಬಾ, ಅಲ್ಲಿ ಉಗಿ ಬರುವುದಿಲ್ಲ."
ಮೊಳೆ ಎಂದೆ. ಇಪ್ಪತ್ತೆರಡು ವರ್ಷ,
ಬಂದಾಗಲೆಲ್ಲ ಆ ಒಂದು ಗೇಣು ಜಾಗ ಬಿಟ್ಟೇ ಕೂತವನು ನಾನು.

ಹಿಲ್ಕಾ ನಕ್ಕಳು, ಕೆಮ್ಮು ಬರುವಷ್ಟು.
"ಅಯ್ಯೋ ಮಂಕೇ, ಅವತ್ತು ರಾತ್ರಿಯೇ
ಲಾಟೀನು ಹಿಡಿದುಕೊಂಡು ಬಂದು ಅದನ್ನು ಒಳಕ್ಕೆ ತಗ್ಗಿಸಿ
ಮೇಲೆ ಬೆಣೆ ತುಂಬಿದರು. ನಿನಗೆ ಹೇಳಲಿಲ್ಲವಾ?"

ಬೆರಳಾಡಿಸಿದೆ.
ಆಸ್ಪೆನ್ನಿನೊಳಗೆ ಆಸ್ಪೆನ್, ಎಳೆಗೆ ಎಳೆ ಕೂಡಿಸಿದ್ದು.
ಅಂಚು ಎಲ್ಲಿದೆ ಅಂತ ಹುಡುಕುತ್ತ ಹುಡುಕುತ್ತ
ಅಲ್ಲಿಯೇ ಕೂತಿದ್ದೆ.