ಇಪ್ಪತ್ತೊಂದನೆಯ ನಿಮಿಷ

ಉಮ್ಮ್ ಅಲ್ ಕುವೈನಿನ ಹಿನ್ನೀರು,
ಕಾಂಡ್ಲಾಗಿಡಗಳ ನೆರಳೂ ಸುಡುವ ಆಗಸ್ಟ್.
ಖಲ್ಫಾನರ ಲಾಂಚಿನ ಹೊಟ್ಟೆಯೊಳಗೆ
ಮೊಣಕಾಲೂರಿ ಇದು ನನಗೆ ಮೂರನೆಯ ದಿನ.

ಮೂರು ಸಿಲಿಂಡರಿನ ಯಾನ್ಮಾರ್, ನನಗಿಂತ ನಾಲ್ಕು ವರ್ಷ ಚಿಕ್ಕದು,
ಎಷ್ಟು ಸಲ ಬಣ್ಣ ಬಳಿದಿದ್ದಾರೋ, ನಟ್ಟುಗಳೆಲ್ಲ ಊದಿಕೊಂಡಿವೆ.
ಹ್ಯಾಂಡಲ್ ಕೊಟ್ಟರೆ ಎರಡನೇ ಸುತ್ತಿಗೇ ಏಳುತ್ತದೆ.
ಹೊಗೆ ತಿಳಿ, ಆಯಿಲ್ ಒತ್ತಡ ಸರಿ,
ಪಕ್ಕೆಯ ತೂತಿನಿಂದ ನೀರು ಸರಾಗ ಉಗುಳುತ್ತದೆ.
ಇಪ್ಪತ್ತು ನಿಮಿಷ ಹೀಗೆ, ಮದುವೆಗೆ ಹೊರಟವರ ಹಾಗೆ.
ಆಮೇಲೆ ಒಂದು ತಡವರಿಕೆ,
ಮಾತಿನ ನಡುವೆ ಹೆಸರು ಮರೆತವರದು.
ಮತ್ತೊಂದು. ಮತ್ತೆ ಸದ್ದಿಲ್ಲ.
ಐದು ನಿಮಿಷ ಬಿಟ್ಟು ಎಬ್ಬಿಸಿದರೆ
ಏನೂ ಆಗಲೇ ಇಲ್ಲವೆಂಬಂತೆ ಏಳುತ್ತದೆ.

"ಮಕೀನಾ ಮುದುಕ, ನನ್ನ ಹಾಗೆ" ಎಂದರು ಖಲ್ಫಾನ್.
ಶಾರ್ಜಾದವರು ಪಂಪೇ ಬದಲಿಸಿ ಅಂದಿದ್ದರಂತೆ, ನಾಲ್ಕು ಸಾವಿರ ದಿರ್ಹಂ.
ನಾನೇನೂ ಅನ್ನಲಿಲ್ಲ.
ಸಾಯುವ ಮುನ್ನ ಹೊಗೆ ಕಪ್ಪಾಗದಿದ್ದರೆ
ಅದು ಹೊಟ್ಟೆಬಾಕನ ಸಾವಲ್ಲ, ಉಪವಾಸದ್ದು.
ಇಷ್ಟು ಕಲಿಯಲಿಕ್ಕೆ ತದಡಿಯ ಬಂದರಿನಲ್ಲಿ
ಬೀರಣ್ಣ ಹರಿಕಂತ್ರನಿಂದ ಎಷ್ಟು ಏಟು ತಿಂದಿದ್ದೇನೆ.

ಫಿಲ್ಟರ್ ಹೊಸದು. ಬ್ಲೀಡ್ ಸ್ಕ್ರೂ ಸಡಿಲಿಸಿದೆ, ಗುಳ್ಳೆಯಿಲ್ಲ.
ತಾಮ್ರದ ವಾಷರುಗಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ
ಮೆತ್ತಗಾಗಿಸಿ ಮತ್ತೆ ಕೂರಿಸಿದೆ.
ಫೀಡ್ ಪಂಪಿನ ಪೊರೆ ಬಿಚ್ಚಿ ಬೆಳಕಿಗೆ ಹಿಡಿದೆ.
ಪೈಪಿಗೆ ಬಾಯಿಟ್ಟು ಊದಿದೆ; ಟ್ಯಾಂಕಿನ ತಳದಿಂದ
ಗುಳುಗುಳು ಉತ್ತರ ಬಂತು, ದಾರಿ ತೆರೆದೇ ಇದೆ.
ಆದರೂ ಇಪ್ಪತ್ತೊಂದನೆಯ ನಿಮಿಷ.
ನನಗೂ ಮುಂಚೆ ಇದನ್ನು ಮುಟ್ಟಿದವನ
ಏಳು ತಲೆಮಾರು ಹಿಡಿದು ಬೈದೆ.
ಟಾರ್ಚ್ ಹಿಡಿದಿದ್ದ ಸಲಾಯಾದ ಹುಡುಗ ಜುಸಬ್
ಕನ್ನಡದ ನಾಲ್ಕು ಬೈಗುಳ ಕಲಿತ.

ಇವತ್ತು ಟ್ಯಾಂಕನ್ನು ಕಳಚಿಟ್ಟು,
ಛಾವಣಿಗೆ ಕ್ಯಾನ್ ನೇತುಹಾಕಿ ಅದರಿಂದಲೇ ಡೀಸೆಲ್ ಕೊಟ್ಟೆ.
ಒಂದು ಗಂಟೆ ಹತ್ತು ನಿಮಿಷ. ನಾನೇ ನಿಲ್ಲಿಸಬೇಕಾಯಿತು.

ಟ್ಯಾಂಕಿನ ಮುಚ್ಚಳಕ್ಕೆ ಹದಿನಾರು ಬೋಲ್ಟು.
ಹದಿನಾಲ್ಕು ಬಂದವು, ಎರಡು ಮುರಿದವು.
ಕೆನ್ನೆ ತಗಡಿಗೊತ್ತಿ, ಭುಜದವರೆಗೆ ಕೈ ಮುಳುಗಿಸಿ
ಕಣ್ಣು ಮುಚ್ಚಿದೆ, ಅಲ್ಲಿ ಕಣ್ಣಿಗೇನು ಕೆಲಸ.
ಕೆಸರು. ತುಕ್ಕಿನ ಹಕ್ಕಳೆ. ಅಡ್ಡತಗಡಿನ ಅಂಚು.
ಹೀರುವ ಪೈಪಿನ ಬಾಯಿಯ ಹತ್ತಿರ
ಮೆತ್ತಗೆ ಏನೋ ಬೆರಳಿಗೆ ಸುತ್ತಿಕೊಂಡಿತು.

ಅಂಗೈಯಗಲದ ಬಟ್ಟೆ.
ಇಂಜಿನ್ ಎಳೆದಾಗ ತೇಲಿ ಬಂದು ಬಾಯಿ ಮುಚ್ಚುವುದು,
ನಿಂತಾಗ ಕಳಚಿ ಬೀಳುವುದು,
ಊದಿದರೆ ವಿನಯದಿಂದ ದಾರಿ ಬಿಡುವುದು.
ಹಿಂಡಿದೆ. ಹಸಿರು ಚೌಕುಳಿ,
ಅಂಚಿಗೆ ಕೆಂಪು ದಾರದ ಓರೆ ಹೊಲಿಗೆ.

ಆ ಹೊಲಿಗೆ ನನ್ನದು.
ಬಂದ ಮೊದಲ ವರ್ಷ, ವರ್ಕ್‌ಶಾಪಿನಲ್ಲಿ
ಹತ್ತಿಯ ಚಿಂದಿಗೂ ಲೆಕ್ಕ ಕೇಳುತ್ತಿದ್ದ ಕಾಲ,
ಲುಂಗಿ ಹರಿದು ನಾಲ್ಕು ತುಂಡು ಮಾಡಿ
ಯಾವುದೋ ಲಾಂಚಿನ ಟ್ಯಾಂಕು ಒರೆಸಿದ್ದೆ,
ಹೊರಬರುವಾಗ ಮೂರಿದ್ದವು, ಊಟದ ಹೊತ್ತಾಗಿತ್ತು.
ಆಗ ಇದರ ಬಣ್ಣ ಬೇರೆ, ಒಡೆಯ ಬೇರೆ, ಹೆಸರು ಬೇರೆ.
ಹನ್ನೊಂದು ವರ್ಷ ಅಡ್ಡತಗಡಿನ ಹಿಂದೆ
ಸುಮ್ಮನೆ ಕೂತಿತ್ತು ಪುಣ್ಯಾತ್ಮ.

ಜುಸಬ್ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದ.
ಏನು ಸಿಕ್ಕಿತು, ಉಸ್ತಾದ್?
"ಬೈಸಿಕೊಂಡವನು ಸಿಕ್ಕಿದ" ಅಂದೆ, ಕನ್ನಡದಲ್ಲೇ.
ಅದೂ ಬೈಗುಳವೆಂದೇ ತಿಳಿದು ಅವನು
ತುಟಿಯೊಳಗೆ ಬಾಯಿಪಾಠ ಮಾಡಿಕೊಂಡ.

ಸಂಜೆಯ ಉಬ್ಬರಕ್ಕೆ ಅಳಿವೆ ದಾಟಿಸಿದೆವು.
ಖಲ್ಫಾನ್ ಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿದ್ದರು.
ಹತ್ತೊಂಬತ್ತು. ಇಪ್ಪತ್ತು.
ಜುಸಬ್ ಉಸಿರು ಬಿಗಿಹಿಡಿದ.
ಇಪ್ಪತ್ತಮೂರಕ್ಕೆ ಮುದುಕ ಕೇಳಿದರು: ಎಷ್ಟು?
ಎರಡು ಬೋಲ್ಟಿನ ದುಡ್ಡು, ಅಂದೆ.
ಗಿಟ್ಟಲಿಲ್ಲವೆಂದು ಮುನಿಸೇನೋ ಅಂದುಕೊಂಡು
ಅವರು ಐನೂರು ಎಣಿಸಿ, ಮೇಲೊಂದು ಹಮ್ಮೂರ್ ಮೀನೂ ಇಟ್ಟರು.

ಪ್ಯಾಂಟಿನ ಕಿಸೆಯಲ್ಲಿ ಚಿಂದಿ
ತೊಡೆಗೆ ಡೀಸೆಲ್ ಜಿನುಗಿಸುತ್ತಿತ್ತು.
ಉರಿ. ತುರಿಕೆ.
ದಡ ಮುಟ್ಟುವವರೆಗೂ ಕೈ ಹಾಕಲಿಲ್ಲ.