ಒಣ ಹುಲ್ಲು

ಕೆಮಿಯ ಕಾಗದದ ಗಿರಣಿ ಬಾಗಿಲು ಹಾಕಿದ ವರ್ಷ
ತೌನೋ ನಮ್ಮ ಸೌನಾದ ಒಲೆ ಆರಿಸಿದ.
ಬೆವರುವ ಕೋಣೆ ಇನ್ನು ಬೆವರಬಾರದು:
ನಾವು ಕೂರುತ್ತಿದ್ದ ಹಲಗೆಗಳ ಮೇಲೆ
ಹಂಗೇರಿ, ಜಪಾನು, ಮೂಕಿ ಕಾಲದ ಡೆನ್ಮಾರ್ಕು
ಬೆನ್ನು ತೋರಿಸಿ ಕೂತಿವೆ,
ಕ್ಯಾಸೆಟ್ಟು ಕೆಳಗೆ, ಡಿಸ್ಕು ಮೇಲೆ.
ನಾನು ಮೀಯುವುದು ತಂಗಿ ಲೆಂಪಿಯ ಮನೆಯಲ್ಲಿ, ಶನಿವಾರ.

ಅವನು ಜೀವ ಇಟ್ಟುಕೊಂಡದ್ದು ಒಂದೇ ಟೇಪಿನ ಮೇಲೆ.
ಎಂಬತ್ತಾರರ ಚಳಿ, ನಡುರಾತ್ರಿ,
ಗಡಿಯಾಚೆಯ ಸ್ವೀಡನ್ನಿನ ಟೀವಿಯಿಂದ ಹಿಡಿದದ್ದು.
ಕೊನೆಯಲ್ಲಿ ಹೆಂಗಸೊಬ್ಬಳು ರೈಲುಹಳಿ ದಾಟಿ
ಸುರಿವ ಮಳೆಯಲ್ಲಿ ನಮ್ಮ ಕಡೆಗೇ ನಡೆದು ಬರುತ್ತಾಳೆ.
ಎಷ್ಟು ಸಲ ಹಿಂದಕ್ಕೆ ತಿರುಗಿಸಿದನೋ!
"ಆ ಮಳೆ ನೋಡು ಔನೆ,
ಇಂಥದಕ್ಕೆ ವಾರಗಟ್ಟಲೆ ಕಾದಿರಬೇಕು ಪುಣ್ಯಾತ್ಮರು."

ಮೊನ್ನೆ ಅಂಚೆಯಲ್ಲಿ ಹೊಸ ಡಿಸ್ಕು ಬಂತು.
ಮೂಲ ನೆಗೆಟಿವ್ ತೊಳೆದು, ಒಂದೊಂದೇ ಚೌಕಟ್ಟಿನ
ಧೂಳು ಹೆಕ್ಕಿ ಮಾಡಿದ್ದಂತೆ.
ನಾನು ಮೀನಿನ ಹುರುಪೆ ಕೆರೆಯುತ್ತಿದ್ದೆ.
ಒಳಗಿಂದ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ.

ಹೋಗಿ ನೋಡಿದರೆ
ಪರದೆಯ ತುಂಬ ಬಿಸಿಲು.
ಹಳಿಯ ಪಕ್ಕ ಒಣ ಹುಲ್ಲು, ಅವಳ ಚಪ್ಪಲಿಗೆ ಧೂಳು.
ಮಳೆ ಇವನೇ ತರಿಸಿದ್ದು,
ತಿರುಗಿಸಿ ತಿರುಗಿಸಿ ಟೇಪು ಸವೆದು ಬಿದ್ದ ಗೀರು.
ಕೆನ್ನೆ ಮಾತ್ರ ಒದ್ದೆ.

"ಅಳ್ತಾ ಇದ್ದಾಳೆ" ಅಂದ, ನನ್ನನ್ನೇ ದೂರುವವನಂತೆ.
ಮೊದಲ ರಾತ್ರಿಯೇ ಹೇಳಿದ್ದೆ ನಾನು.
ಇವತ್ತು ಹೇಳಲಿಲ್ಲ.
ಕೈಯೆಲ್ಲ ಮೀನು; ಅವನ ಹೆಗಲಿಗೆ ಮೊಣಕೈ ಆನಿಸಿ
ನಿಂತೇ ನೋಡಿದೆ.
ಬಿಸಿಲಲ್ಲಿ ಅವಳಿಗೆ ನಮ್ಮಷ್ಟೇ ವಯಸ್ಸು.

ಆಮೇಲೆ ಡಿಸ್ಕು ತೆಗೆದ,
ಹಳೇ ಟೇಪು ತುರುಕಿದ.
ಬಂತು, ಜೋರಾಗಿ.